ಬದುವಿನ ಹಳದಿ ಹೂವು ಯಾವುದು?

ಗದ್ದೆಯ ಬದು, ತೋಟದ ಬಸಿಗಾಲುವೆ, ಹಳ್ಳದ ದಂಡೆ; ನೀರಿನ ಪಸೆ ಇರುವಲ್ಲೆಲ್ಲ ಜಮಖಾನ ಹಾಸಿದಂತೆ ಹಬ್ಬಿ, ಪುಟ್ಟ ಸೂರ್ಯಕಾಂತಿಯಂಥ ಹೂ ಬಿಡುವ ಬಳ್ಳಿಯೊಂದು ಮಲೆನಾಡಿನಲ್ಲಿ ಕಣ್ಣಿಗೆ ಬೀಳುತ್ತಿದೆ. ಕಾಡುಸೇವಂತಿಗೆ ಎಂದು ಕೆಲವರು ಸುಮ್ಮನಾಗುತ್ತಾರೆ. ಹಳದಿ ಭೃಂಗರಾಜವೆಂದು ಭ್ರಮಿಸಿ ಜೋಪಾನ ಮಾಡುವವರೂ ಇಲ್ಲದಿಲ್ಲ. ಎರಡೂ ತಪ್ಪು. ಇದು ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಸೀಮೆಯ ಸಸ್ಯ. ನರ್ಸರಿಗಳಲ್ಲಿ ಸಿಂಗಾಪುರ ಡೇಸಿ ಎಂಬ ಹೆಸರು. ಹೆಸರಿನಲ್ಲಿ ಸಿಂಗಾಪುರವಿದೆಯೆಂಬುದನ್ನು ಬಿಟ್ಟರೆ ಆ ಊರು ಇದರ ತವರಲ್ಲ.

ಹಳೆಯ ಸಸ್ಯಶಾಸ್ತ್ರ ಪುಸ್ತಕಗಳಲ್ಲಿ ಇದು ವೆಡೇಲಿಯಾ ಟ್ರೈಲೋಬೇಟಾ. 1996ರಲ್ಲಿ ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ ಎಂದಾಯಿತು. ವಿದ್ಯಾರ್ಥಿಗಳು ಎರಡು ಹೆಸರು ಕಂಡು ಎರಡು ಗಿಡವೆಂದು ತಿಳಿಯಬಾರದು.

ನಿಜವಾದ ಹಳದಿ ಭೃಂಗರಾಜ ಇದೇ ಕುಲದ ಇನ್ನೊಂದು ಪ್ರಭೇದ. ಭಾರತದಿಂದ ಜಪಾನಿನವರೆಗೆ ತೇವದ ನೆಲದಲ್ಲಿ ತಾನಾಗಿ ಬೆಳೆಯುವ ಔಷಧೀಯ ಸಸ್ಯ ಅದು. ಹೂ ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ, ಎಲೆ ನೋಡಬೇಕು. ನಾಡಿನ ಗಿಡದ ಎಲೆ ನೀಳ, ಒರಟು, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ಪರದೇಶಿಯ ಎಲೆ ದಪ್ಪ, ಹೊಳಪು. ಇಕ್ಕೆಲಗಳಲ್ಲಿ ಒಂದೊಂದು ಸೀಳು ಮೂಡಿ ಮೂರು ಹಾಲೆಯಂತೆ ಕಾಣುತ್ತದೆ. ಎಲ್ಲ ಎಲೆಗಳಲ್ಲೂ ಸೀಳು ಸ್ಪಷ್ಟವಿರುವುದಿಲ್ಲ. ಆದ್ದರಿಂದ ಒಂದೆಲೆ ಕಿತ್ತು ತೀರ್ಪು ಕೊಡದೆ ಹತ್ತಾರು ಎಲೆ ತಿರುವಿ ನೋಡುವುದು ಲೇಸು. ಇಷ್ಟು ತಾಳ್ಮೆಯಿಲ್ಲದೆ ಕತ್ತಿ ಬೀಸಿದರೆ ಮನೆಮದ್ದಿನ ಗಿಡವೇ ಬಲಿಯಾದೀತು.

ತಂದವರು ಯಾರು? ಚೆಂದಕ್ಕಾಗಿ ಮನುಷ್ಯರೇ. ಲಂಟಾನವೂ 19ನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದದ್ದು ಉದ್ಯಾನದ ಅಲಂಕಾರಕ್ಕೆಂದೇ. ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳೆಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮಾಡಿದ ಪಟ್ಟಿಯಲ್ಲಿ ಲಂಟಾನದ ಜೊತೆಗೆ ಈ ಬಳ್ಳಿಯೂ ಇದೆ. ಹೀಗಿದ್ದೂ ಅಂಗಳದ ಅಂಚಿಗೆ, ರಸ್ತೆಯ ವಿಭಜಕಕ್ಕೆ ಇದನ್ನೇ ನೆಡುವುದು ಅಜ್ಞಾನವಷ್ಟೇ ಅಲ್ಲ, ಹೊಣೆಗೇಡಿತನ. ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದಲ್ಲ ಎಂಬ ವಾದವುಂಟು. ತಡೆಯುವುದು ನಿಜವೇ, ಜೇನ್ನೊಣ, ಚಿಟ್ಟೆ ಬರುವುದೂ ನಿಜ. ಆದರೆ ಮಣ್ಣು ಹಿಡಿಯಲು ಲಾವಂಚವಿದೆ. ಈ ಬಳ್ಳಿ ಹಾಸಿದ ಬದುವಿನಲ್ಲಿ ಒಂದೆಲಗಕ್ಕೆ ಬೆಳಕಿಲ್ಲ, ಹೊನಗೊನೆಗೆ ನೆಲವಿಲ್ಲ. ತಂಬುಳಿಗೆಂದು ಬದುವಿಗೆ ಹೋದ ಹೆಂಗಸರು ಬರಿಗೈಯಲ್ಲಿ ಮರಳುವ ನಷ್ಟ ಯಾವ ಬೆಳೆಹಾನಿಯ ಲೆಕ್ಕಕ್ಕೂ ಸಿಗುವುದಿಲ್ಲ.

ಇದು ಹಬ್ಬುವುದು ಮುಖ್ಯವಾಗಿ ಬೀಜದಿಂದಲ್ಲ, ಕಾಂಡದಿಂದ. ನೆಲ ಸೋಕಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಕಳೆ ಕೊಚ್ಚುವ ಯಂತ್ರ ಹಾಯಿಸಿದರೆ ಒಂದು ಬಳ್ಳಿ ನೂರು ತುಂಡಾಗುತ್ತದೆ. ಅಂದರೆ ನೂರು ಸಸಿ ನೆಟ್ಟಂತೆ. ಕೊಚ್ಚಿದ್ದನ್ನು ಹಳ್ಳಕ್ಕೆಸೆದರೆ ಕೆಳಗಿನ ಊರಿಗೆಲ್ಲ ಹಂಚಿದಂತೆ. ನೀರಿನ ದಂಡೆಯಲ್ಲಿ ಕಳೆನಾಶಕ ಹೊಡೆಯುವ ಮಾತಂತೂ ಬೇಡವೇ ಬೇಡ.

ಮಳೆಯಿಂದ ಮಣ್ಣು ಸಡಿಲಾಗಿರುವಾಗ ಕೈಯಿಂದ ಬೇರುಸಹಿತ ಎಳೆದು, ತುಂಡುಗಳನ್ನೂ ಹೆಕ್ಕಿ, ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕದೆ, ಬಿಸಿಲು ಬಿದ್ದಾಗ ಹಾಸುಬಂಡೆಯ ಮೇಲೆ ಪೂರ್ತಿ ಒಣಗಿಸಬೇಕು. ಎರಡು ವಾರ ಬಿಟ್ಟು ಅದೇ ಜಾಗವನ್ನು ಮತ್ತೆ ನೋಡಬೇಕು. ಕಣ್ತಪ್ಪಿ ಉಳಿದ ಗೆಣ್ಣು ಅಷ್ಟರಲ್ಲಿ ಚಿಗುರಿರುತ್ತದೆ.