ಸ್ವಿಚ್ ಹಾಕೋ ಮುಂಚೆ ಸ್ವಲ್ಪ ನೋಡಿ, ಸ್ವಾಮಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅನ್ನೋದು ಹಿರಿಯರ ಮಾತು. ಚಳಿ ಓಡಿದ ಮಾರನೇ ದಿನದಿಂದಲೇ ಹಾಸನದ ಬಿ.ಎಂ. ರಸ್ತೆಯಿಂದ ಹಿಡಿದು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡಿನ ಪೇಟೆ ಬೀದಿಗಳವರೆಗೆ ಬಟ್ಟೆ ಅಂಗಡಿ, ಒಡವೆ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಎಂಟು ತಿಂಗಳು ಧೂಳು ಹಿಡಿದು ಮಲಗಿದ್ದ ಏಸಿ ಯಂತ್ರದ ಸ್ವಿಚ್ಚನ್ನು ಟಪ್ ಅಂತ ಒತ್ತುತ್ತಾರೆ. ಗಾಳಿ ಬಂತೋ, ಸರಿ. ಬರಲಿಲ್ಲವೋ, ಮೆಕ್ಯಾನಿಕ್‌ಗೆ ಫೋನು. ಆತ ಬಂದು ಹೇಳುವುದು ಒಂದೇ ಮಾತು: "ಗ್ಯಾಸ್ ಕಮ್ಮಿ ಆಗಿದೆ ಸಾರ್, ತುಂಬಬೇಕು."

ಬಡವರ ಊಟಿ ಅಂತ ಹೆಸರಾದ ಹಾಸನಕ್ಕೆ ಏಸಿ ಯಾಕ್ರೀ ಅಂತ ಕೇಳುವವರು ಈಗಲೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ಯಂತ್ರ ಬಂದಾಗಿದೆ, ದುಡ್ಡು ಕೊಟ್ಟಾಗಿದೆ. ಆದರೆ ಈ ಊಟಿ ಅನ್ನೋ ಹೆಸರಿನಲ್ಲೇ ನಮ್ಮ ಊರಿನ ಏಸಿಗಳ ರೋಗವೂ ಅಡಗಿದೆ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಮದ್ರಾಸಿನಂಥ ಊರಲ್ಲಿ ಈ ಯಂತ್ರಕ್ಕೆ ವರ್ಷವಿಡೀ ಕೆಲಸ. ಮೂರು ಸಾವಿರ ಅಡಿ ಎತ್ತರದಲ್ಲಿರುವ ನಮ್ಮಲ್ಲಿ ಅದಕ್ಕೆ ಮಾರ್ಚ್‌ನಿಂದ ಮೇವರೆಗೆ ದುಡಿಮೆ, ಆಮೇಲೆ ಮಳೆಗಾಲ, ಚಳಿಗಾಲವೆಲ್ಲ ನಿದ್ದೆ. ಯಂತ್ರ ಕೆಡುವುದು ಓಡಿ ಓಡಿ ಮಾತ್ರವಲ್ಲ; ಬಹಳ ದಿನ ಮಲಗಿದ್ದು ಏಳುವಾಗಲೂ ಕೆಡುತ್ತದೆ.

ದೊಡ್ಡ ಅಂಗಡಿಗಳಲ್ಲಿ ಕೂರಿಸುವುದು ಮನೆಯ ಕಿಟಕಿ ಏಸಿಯಲ್ಲ, ಪ್ಯಾಕೇಜ್ ಏಸಿ. ಕಂಪ್ರೆಸರ್, ಫ್ಯಾನು, ಕಾಯಿಲು ಎಲ್ಲ ಒಂದೇ ಬೀರುವಿನಂಥ ಪೆಟ್ಟಿಗೆಯಲ್ಲಿರುತ್ತೆ, ಸಾಮಾನ್ಯವಾಗಿ ಮೂರು ಫೇಸ್ ಕರೆಂಟು ಬೇಕು, ತಗಡಿನ ಡಕ್ಟಿನಲ್ಲಿ ಗಾಳಿ ಹರಿಯುತ್ತೆ. ಐದು ಟನ್, ಹತ್ತು ಟನ್ ಅಂತಾರಲ್ಲ, ಅದು ಪೆಟ್ಟಿಗೆಯ ತೂಕವಲ್ಲ. ಒಂದು ಟನ್ ಐಸು 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೀರುವ ಶಕ್ತಿ, ಅಂದರೆ ಸುಮಾರು ಮೂರೂವರೆ ಕಿಲೋವ್ಯಾಟ್. ಇನ್ನೊಂದು ಮಾತು. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಈ ವಿದ್ಯೆಗೆ ರೂಪ ಕೊಟ್ಟಿದ್ದು ಜನರನ್ನು ತಂಪು ಮಾಡುವುದಕ್ಕಲ್ಲ. ಬ್ರೂಕ್ಲಿನ್ನಿನ ಒಂದು ಛಾಪಖಾನೆಯಲ್ಲಿ ಕಾಗದ ತೇವ ಹೀರಿ ಹಿಗ್ಗಿ, ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನು ಸರಿಪಡಿಸಲಿಕ್ಕೆ. ಪತ್ರಿಕೆಯವರಿಗೆ ಈ ಯಂತ್ರದ ಬಗ್ಗೆ ಮಾತಾಡುವ ಹಕ್ಕು ಅಷ್ಟರ ಮಟ್ಟಿಗಾದರೂ ಇದೆ!

ಈಗ ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ಯಂತ್ರ ನಿಂತಿದ್ದಾಗ ಒಳಗಿನ ಗ್ಯಾಸು ಸುಮ್ಮನಿರುವುದಿಲ್ಲ. ತಣ್ಣಗಿರುವ ಕಡೆಗೆ ಹರಿದು, ಕಂಪ್ರೆಸರಿನ ತಳದಲ್ಲಿರುವ ಆಯಿಲ್ ಜೊತೆ ಬೆರೆತು ಕೂರುತ್ತದೆ. ಏಕಾಏಕಿ ಚಾಲೂ ಮಾಡಿದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಆಯಿಲು ನೊರೆ ಉಕ್ಕುತ್ತದೆ, ಬೇರಿಂಗ್‌ಗಳು ಒಣಗಿ ಓಡುತ್ತವೆ. ಇದನ್ನು ತಡೆಯಲಿಕ್ಕೆಂದೇ ಅನೇಕ ಯಂತ್ರಗಳಲ್ಲಿ ಕಂಪ್ರೆಸರಿನ ಬುಡಕ್ಕೆ ಸಣ್ಣ ಹೀಟರ್ ಇಟ್ಟಿರುತ್ತಾರೆ. ಹೀಟರ್ ಇದ್ದರೆ, ಚಾಲೂ ಮಾಡುವ ಹಿಂದಿನ ದಿನವೇ ಮೇನ್ ಸ್ವಿಚ್ ಹಾಕಿ, ಕೂಲಿಂಗ್ ಮಾತ್ರ ಆಫ್ ಇಟ್ಟು, ಇಪ್ಪತ್ನಾಲ್ಕು ಗಂಟೆ ಬಿಡಬೇಕು. ನಮ್ಮವರು ಮಾಡುವುದೇನು? ಮೇನ್ ಹಾಕಿದ ಐದನೇ ನಿಮಿಷಕ್ಕೆ ಕೂಲಿಂಗ್! ಒಂದು ದಿನದ ತಾಳ್ಮೆ ಉಳಿಸಿ, ಕಂಪ್ರೆಸರ್ ಕಳೆದುಕೊಂಡ ಹಾಗಾಯಿತು.

ಅದಕ್ಕೂ ಮುಂಚೆ, ಕರೆಂಟು ಪೂರ್ತಿ ತೆಗೆದು ಮೆಕ್ಯಾನಿಕ್ ನೋಡಬೇಕಾದ ಕೆಲಸಗಳಿವೆ. ವೈರಿನ ತುದಿಗಳು ಸಡಿಲಾಗಿವೆಯೇ? ಇಲಿ ವೈರು ಕಡಿದಿದೆಯೇ? ಫ್ಯಾನು ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ, ಬೆಲ್ಟು ಬಿಗಿಯಾಗಿದೆಯೇ? ಫಿಲ್ಟರ್ ತೊಳೆದಿದ್ದಾರೆಯೇ? ನೀರು ಹೋಗುವ ಪೈಪಿಗೆ ಒಂದು ಚೊಂಬು ನೀರು ಸುರಿದು ನೋಡಿದರೆ ಕಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಷ್ಟು ಮಾಡದೆ, ಆಮೇಲೆ ಸೀಲಿಂಗಿನಿಂದ ರೇಷ್ಮೆ ಸೀರೆ ಮೇಲೆ ನೀರು ತೊಟ್ಟಿಕ್ಕಿತು ಅಂತ ಗೋಳಾಡಿದರೆ ಏನು ಫಲ?

ನಂತರ ಕರೆಂಟಿನ ಪರೀಕ್ಷೆ. ಮೂರು ಫೇಸಿನ ವೋಲ್ಟೇಜು 415ರ ಆಸುಪಾಸಿನಲ್ಲಿರಬೇಕು; ಸಾಮಾನ್ಯವಾಗಿ ಶೇ. 10ರಷ್ಟು ಹೆಚ್ಚುಕಡಿಮೆಯನ್ನು ಯಂತ್ರ ತಡೆಯುತ್ತದೆ. ಆದರೆ ಮೂರರ ನಡುವಿನ ವ್ಯತ್ಯಾಸ ಶೇ. 2 ಮೀರಬಾರದು. ಲೆಕ್ಕ ಕಷ್ಟವೇನಲ್ಲ. ಮೀಟರಿನಲ್ಲಿ 410, 405, 388 ಬಂತು ಅಂತಿಟ್ಟುಕೊಳ್ಳಿ. ಸರಾಸರಿ 401. ಅದಕ್ಕೂ 388ಕ್ಕೂ ಅಂತರ 13, ಅಂದರೆ ಶೇ. 3ಕ್ಕೂ ಮಿಕ್ಕಿತು. ಮೂರೂ ಅಂಕಿ ಬಿಡಿಬಿಡಿಯಾಗಿ ನೋಡಿದರೆ ಸರಿಯೇ. ಒಟ್ಟಿಗೆ ನೋಡಿದರೆ ಮೋಟಾರಿಗೆ ಜ್ವರ. ವೋಲ್ಟೇಜಿನ ಸಣ್ಣ ವ್ಯತ್ಯಾಸ ಮೋಟಾರಿನ ಆಂಪ್ಸಿನಲ್ಲಿ ಹಲವು ಪಟ್ಟು ದೊಡ್ಡದಾಗಿ, ವೈಂಡಿಂಗ್ ಕಾಯುತ್ತದೆ. ಹೀಗಿದ್ದರೆ ಯಂತ್ರ ಚಾಲೂ ಮಾಡದೆ, ತಪ್ಪು ಕಟ್ಟಡದ ಒಳಗಿನ ವೈರಿಂಗಿನದೋ ಹೊರಗಿನ ಲೈನಿನದೋ ಅಂತ ಮೊದಲು ನೋಡಿಸಬೇಕು. ಹೊರಗಿನದಾದರೆ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಗೆ ಬಾಯಿ ಮಾತಿನಲ್ಲಲ್ಲ, ಅಂಕಿ ಸಮೇತ ಬರೆದು ದೂರು ಕೊಡಬೇಕು. ಅಂಕಿ ಇಲ್ಲದ ದೂರಿಗೆ ಕಿವಿ ಕೊಡುವವರು ಯಾರು?

ಟ್ರಾನ್ಸ್‌ಫಾರ್ಮರ್ ರಿಪೇರಿ ಆದ ಮೇಲೆ ಪಂಪ್‌ಸೆಟ್ಟು ಉಲ್ಟಾ ತಿರುಗಿ ನೀರೆತ್ತದೆ ಇರುವುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಅರಕಲಗೂಡಿನ ರೈತನಿಗೆ ಗೊತ್ತಿರುವ ಈ ವಿಷಯ ಹಾಸನದ ಷೋರೂಮಿನವರಿಗೆ ಗೊತ್ತಿಲ್ಲದಿರುವುದು ವಿಪರ್ಯಾಸ. ಫೇಸು ಅದಲುಬದಲಾದರೆ ಏಸಿಯ ಫ್ಯಾನೂ ಉಲ್ಟಾ, ಸ್ಕ್ರಾಲ್ ಕಂಪ್ರೆಸರೂ ಉಲ್ಟಾ. ಕರ್ಕಶ ಸದ್ದು ಬರುತ್ತದೆ, ತಂಪು ಬರುವುದಿಲ್ಲ. ಕರೆಂಟು ತೆಗೆದು ಎರಡು ವೈರು ಬದಲಾಯಿಸಿದರೆ ಮುಗಿಯುವ ಈ ಕೆಲಸವನ್ನು ತಿಳಿಯದೆ "ಗ್ಯಾಸ್ ಕಮ್ಮಿ" ಅಂತ ಬಿಲ್ಲು ಬರೆದರೆ ದುಡ್ಡು ಯಾರದು ಹೋಯಿತು?

ಈ ಗ್ಯಾಸಿನ ಕಥೆಯನ್ನು ಅಂಗಡಿಯವರು ಒಮ್ಮೆ ತಿಳಿದುಕೊಂಡರೆ ಸಾಕು. ಏಸಿ ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಪ್ರತಿ ವರ್ಷ ತುಂಬುವುದು ತೂತು ಮಡಕೆಗೆ ನೀರು ಹೊಯ್ದ ಹಾಗೆ. ಅದಕ್ಕೇ, ಮೆಕ್ಯಾನಿಕ್ ಗ್ಯಾಸ್ ಅಂದ ಕೂಡಲೇ "ಎಲ್ಲಿ ಸೋರಿದೆ ತೋರಿಸಪ್ಪ, ಎಷ್ಟು ತೂಕ ಹಾಕ್ತೀಯ ಬರಿ" ಅಂತ ಕೇಳಿ. ಗಟ್ಟಿ ಕೆಲಸಗಾರನಾದರೆ ಸೋಪಿನ ನೊರೆ ಹಚ್ಚಿಯೋ, ಲೀಕ್ ಡಿಟೆಕ್ಟರ್ ಹಿಡಿದೋ ತೋರಿಸುತ್ತಾನೆ, ತಕ್ಕಡಿ ಇಟ್ಟು ತುಂಬುತ್ತಾನೆ.

ಎಲ್ಲ ಸರಿಯಿದ್ದ ಮೇಲೆ ಮೊದಲು ಫ್ಯಾನು, ಆಮೇಲೆ ಕೂಲಿಂಗ್. ಇಪ್ಪತ್ತು ನಿಮಿಷ ಓಡಲಿ. ಯಂತ್ರ ಎಳೆದುಕೊಳ್ಳುವ ಗಾಳಿಗೂ ಹೊರಬಿಡುವ ಗಾಳಿಗೂ ಸುಮಾರು 8ರಿಂದ 12 ಡಿಗ್ರಿ ಸೆಂಟಿಗ್ರೇಡ್ ಅಂತರ ಬರಬೇಕು. ಇದನ್ನು ಮಾಲೀಕರೇ ಸಾಧಾರಣ ಥರ್ಮಾಮೀಟರಿನಿಂದ ನೋಡಬಹುದು. ಕ್ಲಾಂಪ್ ಮೀಟರ್ ಹಾಕಿದರೆ ಆಂಪ್ಸು ಯಂತ್ರದ ತಗಡಿನ ಮೇಲೆ ಬರೆದಿರುವುದನ್ನು ಮೀರಬಾರದು. ಗೇಜಿನ ಒತ್ತಡ ಕಂಪನಿಯ ಪಟ್ಟಿಗೆ ಹೊಂದಬೇಕು. ಕರೆಂಟು ಹೋಗಿ ಬಂದರೆ ಮೂರು ನಿಮಿಷ ಬಿಟ್ಟೇ ಕಂಪ್ರೆಸರ್ ಮತ್ತೆ ಶುರುವಾಗಬೇಕು. ಕಣ್ಣಾಮುಚ್ಚಾಲೆ ಆಡುವ ಕರೆಂಟಿನ ಊರಿನಲ್ಲಿ ಇದು ಬಹಳ ಮುಖ್ಯ. ಥರ್ಮಾಮೀಟರು, ಫಿಲ್ಟರು ಬಿಟ್ಟು ಮಿಕ್ಕಿದ್ದಕ್ಕೆ ಮಾಲೀಕರು ಕೈ ಹಾಕಬೇಡಿ. 415 ವೋಲ್ಟಿಗೆ ಯಜಮಾನರು, ಆಳು ಎಂಬ ಭೇದವಿಲ್ಲ.

ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್ ಕೇಂದ್ರವಿದೆ, 1982ರಲ್ಲಿ ಶುರುವಾದದ್ದು. ಹೊಸ ಉಪಗ್ರಹ ಆಕಾಶಕ್ಕೆ ಹೋದ ಮೇಲೂ ಅಲ್ಲಿ ಕೂತವರು ಅದರ ಒಂದೊಂದು ಭಾಗವನ್ನೂ ಪರೀಕ್ಷಿಸಿ, ಅಂಕಿ ಬರೆದುಕೊಂಡು, ಆಮೇಲಷ್ಟೇ ಟಿವಿ, ಟೆಲಿಫೋನ್ ಕೆಲಸಕ್ಕೆ ಬಿಡುತ್ತಾರೆ. ಇಂಥ ಕೇಂದ್ರ ಇರುವ ಊರಿನಲ್ಲೇ ಲಕ್ಷಗಟ್ಟಲೆ ಬೆಲೆಯ ಏಸಿಯನ್ನು ಒಂದು ಚೀಟಿಯೂ ಬರೆಯದೆ "ಗಾಳಿ ಬಂತು, ಸರಿ" ಅಂತ ಒಪ್ಪಿಕೊಳ್ಳುವುದು ಎಷ್ಟು ಸರಿ?

ತಪ್ಪೆಲ್ಲ ಮೆಕ್ಯಾನಿಕ್‌ಗಳದು ಅಂತ ನಾವು ಹೇಳುವುದಿಲ್ಲ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹತ್ತು ಕಡೆಯಿಂದ ಕರೆ. "ಬೇಗ ಮುಗಿಸಪ್ಪ, ಗಿರಾಕಿ ಬರ್ತಾರೆ" ಅಂತ ಅವಸರ ಮಾಡುವವರೂ ನಾವೇ, ಇನ್ನೂರು ರೂಪಾಯಿ ಕಮ್ಮಿಗೆ ಬರುವವನನ್ನು ಹುಡುಕುವವರೂ ನಾವೇ. ಐ.ಟಿ.ಐ.ನಲ್ಲಿ ಎರಡು ವರ್ಷ ಈ ಕೆಲಸ ಕಲಿತ ಹುಡುಗ ನಾಲ್ಕು ಗಂಟೆ ಕೂತು ಸರಿಯಾಗಿ ನೋಡಿದರೆ ಅವನಿಗೆ ತಕ್ಕ ಕೂಲಿ ಕೊಡಬೇಕಲ್ಲವೇ? ಅರೆಬರೆ ಕೂಲಿಗೆ ಅರೆಬರೆ ಕೆಲಸ.

ಇನ್ನು ಸರ್ಕಾರಿ ಕಚೇರಿ, ಆಸ್ಪತ್ರೆಗಳ ಮಾತು. ಮಾರ್ಚ್ ಕೊನೆಗೆ ಅನುದಾನ ವಾಪಸ್ ಹೋಗುತ್ತೆ ಅಂತ ತರಾತುರಿಯಲ್ಲಿ ಕೊಂಡ ಯಂತ್ರಕ್ಕೆ ಪರೀಕ್ಷೆ ಮಾಡಿಸಲು ಪುರುಸೊತ್ತೆಲ್ಲಿ? ಅಲ್ಲಿ ಯಂತ್ರ ಕೆಟ್ಟರೆ ಸಾಹೇಬರು ಕಿಟಕಿ ತೆಗೆದುಕೊಳ್ಳಬಹುದು. ಆಪರೇಷನ್ ಟೇಬಲ್ ಮೇಲೆ ಮಲಗಿದ ರೋಗಿ ಏನು ಮಾಡಬೇಕು? ಅದು ತೆರಿಗೆ ಕಟ್ಟುವ ಜನರ ದುಡ್ಡು, ಬಸ್ಸಿನಲ್ಲಿ ನಿಂತು ಬರುವವರ ದುಡ್ಡು.

ನಮ್ಮ ಸಲಹೆ ಇಷ್ಟೇ. ಅಂಗಡಿಯಾಗಲಿ ಕಚೇರಿಯಾಗಲಿ, ಹೊಸ ಯಂತ್ರವಾಗಲಿ ಹಳೆಯದಾಗಲಿ, ಚಾಲೂ ಮಾಡಿದ ದಿನದ ತಾರೀಖು, ಮೂರು ಫೇಸಿನ ವೋಲ್ಟೇಜು, ಆಂಪ್ಸು, ಗೇಜಿನ ಒತ್ತಡ, ಗಾಳಿಯ ಎರಡು ಉಷ್ಣಾಂಶ, ಹಾಕಿದ ಗ್ಯಾಸಿನ ತೂಕ ಇವನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಿ. ಆ ಹಾಳೆ ಕೈಗೆ ಬರುವವರೆಗೆ ಪೂರ್ತಿ ಬಿಲ್ಲು ಕೊಡಬೇಡಿ. ಹಾಳೆಯನ್ನು ಯಂತ್ರದ ಬಾಗಿಲ ಒಳಗೇ ಅಂಟಿಸಿ. ಬರುವ ವರ್ಷ ಹೋಲಿಸಿ ನೋಡಲು ಅದೇ ಸಾಕ್ಷಿ. ಮತ್ತೆ ಯಂತ್ರವನ್ನು 18ಕ್ಕೆ ಇಟ್ಟು ಗಿರಾಕಿಗಳನ್ನು ನಡುಗಿಸುವ ಅಗತ್ಯವೂ ಇಲ್ಲ. 24 ಡಿಗ್ರಿ ಸಾಕು ಅಂತ ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯೇ ಹೇಳಿದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಅದರದೇ ಲೆಕ್ಕ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಕಂಪ್ರೆಸರ್ ಸುಟ್ಟ ಮೇಲೆ ಮೀಟರ್ ಹಿಡಿಯುವುದೂ ಹಾಗೆಯೇ. ವರ್ತಕರು ಈ ಬೇಸಿಗೆಯಿಂದಲೇ ಆ ಹಾಳೆ ಕೇಳಲಿ. ಅಧಿಕಾರಿಗಳು ಅದಿಲ್ಲದ ಬಿಲ್ಲಿಗೆ ಸಹಿ ಹಾಕದಿರಲಿ.