ಹಾಸಿಗೆಯೇ ಮದ್ದಲ್ಲ

ಕಾವೇರಿಯು ತಿರುವು ಪಡೆದು ಹರಿಯುವ ಮುಡುಕುತೊರೆಯಲ್ಲಿ, ದಡದ ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿಯ ಗುಡಿಯಿದೆ. ಜಾತ್ರೆಗೆ ದನಗಳನ್ನು ಹೊಡೆದುಕೊಂಡು ಬರುವ ರೈತನಾಗಲಿ, ಬೆಟ್ಟವೇರುವ ವೃದ್ಧೆಯಾಗಲಿ ನೆಚ್ಚಿರುವುದು ತಮ್ಮ ಬೆನ್ನನ್ನೇ. ಗದ್ದೆಯಲ್ಲಿ ಬಗ್ಗಿ, ಭತ್ತದ ಮೂಟೆ ಹೊತ್ತು ಸವೆದ ಬೆನ್ನು ಒಂದು ದಿನ ಮುಷ್ಕರ ಹೂಡುತ್ತದೆ. ಔಷಧ, ವ್ಯಾಯಾಮಗಳಿಗೆ ಜಗ್ಗದ ನೋವಿಗೆ ವೈದ್ಯರು ಕೆಲವರಿಗೆ ಬೆನ್ನುಮೂಳೆಯ ಬೆಸುಗೆಯನ್ನು ಸೂಚಿಸುತ್ತಾರೆ. ಆಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಮಕ್ಕಳ ಎದೆ ಝಲ್ಲೆನ್ನುತ್ತದೆ: ‘ಅಪ್ಪ ಇನ್ನು ಹಾಸಿಗೆಯೇ ಗತಿಯೆ?’

ಸಡಿಲಗೊಂಡ ಮೂಳೆಗಳನ್ನು ತಿರುಪು, ಸಲಾಕೆಗಳಿಂದ ಬಿಗಿದು, ಮೂಳೆಯ ಚೂರುಗಳನ್ನಿರಿಸಿ, ಅವು ಒಂದಾಗಿ ಬೆಳೆಯುವಂತೆ ಮಾಡುವುದೇ ಈ ಶಸ್ತ್ರಚಿಕಿತ್ಸೆ. 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಎಂಬ ವೈದ್ಯರು ಕ್ಷಯ ತಗುಲಿದ ಬೆನ್ನೆಲುಬಿಗೆ ಬೆಸುಗೆ ಹಾಕಿದ ಕ್ರಮವನ್ನು ಪ್ರಕಟಿಸಿದರು. ಅಂದು ರೋಗಿಯು ವಾರಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಆ ಕಾಲ ಕಳೆದರೂ ಭಯ ಉಳಿದಿದೆ.

ಶಸ್ತ್ರಚಿಕಿತ್ಸೆಯಾದವನನ್ನು ಹಾಸಿಗೆಗೆ ಕಟ್ಟಿಹಾಕುವುದು ಗಾಯವೊಂದೇ ಅಲ್ಲ; ನೋವು, ಉಪವಾಸ, ಅನಗತ್ಯ ಕೊಳವೆಗಳು, ಮಲಗಿಯೇ ಇರುವ ಅಭ್ಯಾಸ ಇವೂ ಕಾರಣವೆಂದು ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಕರುಳಿನ ರೋಗಿಗಳಲ್ಲಿ ತೋರಿಸಿಕೊಟ್ಟರು. 2021ರಲ್ಲಿ ಸೊಂಟದ ಬೆಸುಗೆಗೂ ಇಂಥ ಮಾರ್ಗಸೂಚಿ ಹೊರಬಂದಿತು. ಇದರಂತೆ ಹೆಚ್ಚಿನವರು ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮೊದಲಿನವರೆಗೂ ನೀರು ಕುಡಿಯಬಹುದು. ಅಫೀಮು ಜಾತಿಯ ಮದ್ದನ್ನು ತಗ್ಗಿಸಿ ಹಲವು ಬಗೆಯ ಔಷಧಗಳಿಂದ ನೋವನ್ನು ಹಿಡಿತದಲ್ಲಿಡುತ್ತಾರೆ. ಮೂತ್ರದ ಕೊಳವೆಯನ್ನು ಬೇಗ ತೆಗೆಯುತ್ತಾರೆ. ಅದೇ ದಿನವೋ ಮರುದಿನವೋ ಕೈಹಿಡಿದು ನಡೆಸುತ್ತಾರೆ. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಬೇಗ ಮನೆಗೆ ಬಂದರೆಂದ ಮಾತ್ರಕ್ಕೆ ಮೂಳೆ ಬೇಗ ಕೂಡಿತೆಂದಲ್ಲ; ಅದಕ್ಕೆ ತಿಂಗಳುಗಳೇ ಬೇಕು. ಆದುದರಿಂದ ಅರ್ಧ ಚಿಕಿತ್ಸೆ ಮನೆಯವರದು. ಬೀಡಿ, ಸಿಗರೇಟು ಮೂಳೆ ಕೂಡುವುದಕ್ಕೆ ಅಡ್ಡಿ. ಅವನ್ನು ಮೊದಲೇ ಬಿಡಿಸಬೇಕು. ಸಕ್ಕರೆ ಕಾಯಿಲೆ, ರಕ್ತಹೀನತೆಗಳನ್ನು ಹತೋಟಿಗೆ ತರಬೇಕು. ಚಾಪೆಗೆ ಬದಲು ಮಂಚ, ಕುಕ್ಕರಗಾಲಿನ ಕಕ್ಕಸಿಗೆ ಬದಲು ಕುರ್ಚಿಯಂಥ ಏರ್ಪಾಡು ಮುಂಚೆಯೇ ಆಗಲಿ. ಏಳುವಾಗ ಮೈಯನ್ನು ತಿರುಚದೆ ಮಗ್ಗುಲಿಗೆ ಹೊರಳಿ ಏಳಬೇಕು. ವೈದ್ಯರು ಒಪ್ಪುವತನಕ ಬಗ್ಗುವುದೂ ಕೊಡ ಎತ್ತುವುದೂ ಬೇಡ. ಜ್ವರ, ಗಾಯದಿಂದ ಒಸರುವಿಕೆ, ಕಾಲಿನಲ್ಲಿ ಹೊಸ ನಿಶ್ಶಕ್ತಿ, ಮೂತ್ರ ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹಳ್ಳಿಯಲ್ಲಿರುವವರು ಇದಕ್ಕಾಗಿ ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಲೇಸು.

‘ಏಳಬೇಡಪ್ಪ, ಮಲಗಿರು’ ಎನ್ನುವುದು ಮಕ್ಕಳ ವಾತ್ಸಲ್ಯ, ನಿಜ. ಆದರೆ ‘ಬಾರಪ್ಪ, ಜಗಲಿಯವರೆಗೆ ನಡೆದು ಬರೋಣ’ ಎಂದು ತೋಳು ನೀಡುವ ವಾತ್ಸಲ್ಯ ಅದಕ್ಕಿಂತ ಹೆಚ್ಚಿನದು.