ಬೆಳಗುವ ದೀಪ, ದುಡಿಯುವ ದೀಪ

ವಾಲ್ವ್ ರೇಡಿಯೋ ಇದ್ದ ಮನೆಗಳ ಹಿರಿಯರಿಗೆ ಆ ಬೆಳಕು ನೆನಪಿರಬೇಕು. ಗುಂಡಿ ತಿರುಗಿಸಿದೊಡನೆ ಗಾಜಿನ ಫಲಕದ ಹಿಂದೆ ಜೇನುಬಣ್ಣದ ಕಾಂತಿ ಮೂಡುತ್ತಿತ್ತು; ವಾಲ್ವುಗಳು ಕಾದು ದನಿ ಹೊರಡುತ್ತಿದ್ದುದು ಆಮೇಲೆ. ಎಂದೋ ಒಂದು ದಿನ ಆ ಕಾಂತಿ ಆರಿದರೂ ಹಾಡು ಎಂದಿನಂತೆ ಕೇಳಿಬರುತ್ತಿತ್ತು. ಬೆರಳ ತುದಿಯಷ್ಟರ ಬಲ್ಬೊಂದು ಕಾಲವಾಗಿರುತ್ತಿತ್ತು, ಅಷ್ಟೆ.

ರೇಡಿಯೋ ರಿಪೇರಿಯವರೂ ಪ್ರಯೋಗಾಲಯದವರೂ ಬಳಸುತ್ತಿದ್ದ ಅಳತೆಯ ಉಪಕರಣಗಳಲ್ಲಿಯೂ ಇದೇ ಜಾತಿಯ ಬಲ್ಬುಗಳಿರುತ್ತಿದ್ದುವು. ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೆಂದು ತೋರಿಸುವುದೇ ಅವುಗಳ ಕಾಯಕ. ಅಂಥ ಹಳೆಯ ಉಪಕರಣಗಳನ್ನು ಅಕ್ಕರೆಯಿಂದ ಕಾಪಾಡುವವರು ಇಂದಿಗೂ ಇದ್ದಾರೆ. ಅವರನ್ನು ಮೇಲಿಂದ ಮೇಲೆ ಕಾಡುವುದು ಈ ಆರಿದ ದೀಪವೇ.

ದೀಪ ಆರುವುದೇಕೆ? ಟಂಗ್‌ಸ್ಟನ್ ತಂತು ಕಾದು ಬೆಳಗುವಾಗ ಅದರ ಲೋಹ ಕಣಕಣವಾಗಿ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಅಂಟುತ್ತದೆ. ತಂತು ಸವೆದು, ತೆಳುವಾದೆಡೆಯಲ್ಲಿ ಕಡಿಯುತ್ತದೆ. ಅಮೆರಿಕದ ಉಪಕರಣಗಳಲ್ಲಿ ಬಹಳವಾಗಿ ಕಾಣುವ 47ನೆಯ ನಂಬರಿನ ಬಲ್ಬು 6.3 ವೋಲ್ಟಿನದು, 0.15 ಆಂಪಿಯರ್ ವಿದ್ಯುತ್ತು ಅದಕ್ಕೆ ಸಾಕು. ಅದೇ ಹೋಲ್ಡರಿನಲ್ಲಿ 44ನೆಯ ನಂಬರಿನದೂ ಕೂಡುತ್ತದೆ, ಹೆಚ್ಚು ಬೆಳಕನ್ನೂ ಕೊಡುತ್ತದೆ. ಆದರೆ ಅದು 0.25 ಆಂಪಿಯರ್ ನುಂಗುವುದರಿಂದ, ಹೆಚ್ಚಿದ ಕಾವಿಗೆ ಹಳೆಯ ಪ್ಲಾಸ್ಟಿಕ್ ಕಂದೀತು.

ಬಲ್ಲವರು ಬೆಳಕಿನ ಆಸೆಯನ್ನು ತುಸು ಬಿಡುತ್ತಾರೆ. ವೋಲ್ಟೇಜನ್ನು ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಬೆಳಕು ಸುಮಾರು ಮೂರರಲ್ಲೊಂದು ಪಾಲು ಕುಗ್ಗುವುದು. ಆಯುಷ್ಯವಾದರೋ ಮೂರು ಪಟ್ಟಿಗೂ ಮಿಕ್ಕಿ ಬೆಳೆಯುವುದು. 47ನೆಯ ಬಲ್ಬಿನ ದಾರಿಯಲ್ಲಿ ಸುಮಾರು 4 ಓಮಿನ ಪುಟ್ಟ ರೆಸಿಸ್ಟರೊಂದನ್ನು ಸೇರಿಸಿದರೆ ಈ ಲಾಭ ದೊರೆಯುತ್ತದೆ. ಇದಕ್ಕೆ ಕೈಹಾಕುವವರು ಮೊದಲು ಪ್ಲಗ್ಗನ್ನು ಕಿತ್ತಿರಬೇಕು. ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟು ಉಳಿದಿರಬಹುದು. ಅದನ್ನು ಬರಿದುಮಾಡುವ ಕ್ರಮವನ್ನರಿಯದವರು ಮುಚ್ಚಳ ತೆರೆಯಕೂಡದು.

ಇಂದು ಕೆಲವರು ತಂತಿನ ಬಲ್ಬಿಗೆ ಬದಲಾಗಿ ಎಲ್‌ಇಡಿ ಹಾಕುತ್ತಾರೆ. ಕಾವು ಕಡಮೆ, ಬಾಳಿಕೆ ಹೆಚ್ಚು. ಮೀಟರನ್ನು ಬೆಳಗುವುದಷ್ಟೇ ಕೆಲಸವಾದರೆ ಇದರಿಂದ ಕೇಡಿಲ್ಲ. ಆದರೆ ಎಲ್ಲ ದೀಪಗಳೂ ಬೆಳಗಲೆಂದೇ ಹುಟ್ಟಿದವಲ್ಲ.

1930ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ವಿಲಿಯಂ ಹ್ಯೂಲೆಟ್ ತನ್ನ ಪ್ರಬಂಧಕ್ಕಾಗಿ ಶಬ್ದಪರೀಕ್ಷೆಯ ಆಸಿಲೇಟರೊಂದನ್ನು ರಚಿಸಿದನು. ಅದರ ಒಡಲಲ್ಲಿ ಸಾಮಾನ್ಯ ಬಲ್ಬೊಂದಿತ್ತು. ಅಲೆ ಹಿಗ್ಗಿದರೆ ತಂತು ಕಾಯುವುದು. ಕಾದ ತಂತಿನ ತಡೆ ಹೆಚ್ಚಿ ಅಲೆಯನ್ನು ಹಿಡಿತಕ್ಕೆ ತರುವುದು. ಅಲೆ ಕುಗ್ಗಿದರೆ ತಂತು ತಣಿದು ಅದನ್ನು ಮೇಲೆತ್ತುವುದು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಮೊದಲ ಉಪಕರಣವಾದ 200ಎ ಇದರಿಂದಲೇ ಬಂದಿತು. ಅದರ ಸುಧಾರಿತ ರೂಪವಾದ 200ಬಿ ಯಂತ್ರಗಳನ್ನು ಡಿಸ್ನಿ ಚಿತ್ರಸಂಸ್ಥೆ, 1940ರಲ್ಲಿ ತೆರೆಕಂಡ ‘ಫ್ಯಾಂಟೇಸಿಯ’ ಚಿತ್ರದ ಶಬ್ದವ್ಯವಸ್ಥೆಗಾಗಿ ಎಂಟರಂತೆ ಕೊಂಡಿತು.

ಆ ಒಳದೀಪ ಕಣ್ಣಿಗೆ ಕಂಡೂ ಕಾಣದಂತೆ ಮಂಕಾಗಿ ದುಡಿಯುವುದರಿಂದ ದಶಕಗಟ್ಟಲೆ ಬಾಳುತ್ತದೆ. ಬೆಳಕಿಲ್ಲದ್ದನ್ನು ಕಂಡು ಕೆಟ್ಟಿತೆಂದು ಬಗೆದು ಅಲ್ಲಿಗೆ ಎಲ್‌ಇಡಿ ಕೂಡಿಸಿದರೆ ಯಂತ್ರದ ಹದವೇ ತಪ್ಪೀತು. ಆದುದರಿಂದ ಆರಿದಂತೆ ತೋರುವ ದೀಪವನ್ನು ಕೀಳುವ ಮುನ್ನ, ಅದಕ್ಕೆ ವಹಿಸಿದ ಕೆಲಸವೇನೆಂದು ಕೇಳಿಕೊಳ್ಳುವುದು ಲೇಸು.